ಎಡಗಡೆಯ ಮಡ್‌ಗಾರ್ಡು

ಹಳೆಯ ಕಾರುಗಳನ್ನು ಮೊದಲಿದ್ದಂತೆ ಮಾಡಿಕೊಡುವ ನಮ್ಮ ಗ್ಯಾರೇಜಿನಲ್ಲಿ ಸಾಮಾನು ಹುಡುಕುವ ಕೆಲಸಕ್ಕೆ ಈಗ ಇಬ್ಬರು ಹುಡುಗಿಯರು ಸೇರಿದ್ದಾರೆ. ಕೂತಲ್ಲೇ ಫೋನಿನಲ್ಲಿ ಊರೂರಿನ ಬಾನೆಟ್ಟು, ಬಾಗಿಲು ನೋಡುತ್ತಾರೆ. ಮೊನ್ನೆ ಪ್ರಸಾದ ಕೊಡಲು ಹೋದಾಗ ಒಬ್ಬಳು ಕೇಳಿದಳು, "ಆಯಿ, ನಿಮ್ಮ ಕಾಲದಾಗ ಇದೇನೂ ಇರಲಿಲ್ಲಲ್ರಿ. ಹೆಂಗ ಹುಡುಕತಿದ್ರಿ?"

"ಕಾಲಿಲೆ," ಎಂದೆ.

ಇಬ್ಬರೂ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಮನೆಗೆ ಬಂದ ಮೇಲೆ, ಪೂರ್ತಿ ಹೇಳಿದ್ದರೆ ಚಲೋ ಇತ್ತು ಅನ್ನಿಸಿತು. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಮನೆವಾರ್ತೆಯ ಹೆಂಗಸು. ಕಾರು ನಡೆಸಲು ಇವತ್ತಿಗೂ ಬರುವುದಿಲ್ಲ. ಎಂಬತ್ತರ ದಶಕದ ನಡುವಿನಿಂದ ತೊಂಬತ್ತರ ದಶಕ ಮುಗಿಯುವ ತನಕ ಗೋವೆಯ ಹಿತ್ತಿಲುಗಳಲ್ಲಿ ತಿರುಗಿ ಹಳೆಯ ಕಾರುಗಳ ಅಸಲಿ ತಗಡು ಹುಡುಕಿ ತಂದೆ. ನನ್ನನ್ನು ಯಾವಾಗ ಕೆಲಸದವಳೆಂದು ಬರೆದುಕೊಂಡರು, ಯಾವಾಗ ಕೂರಲು ಕುರ್ಚಿ ಕೊಟ್ಟರು ಎಂಬುದೆಲ್ಲ ಇಲ್ಲಿ ಬೇಡ. ಮೊದಲ ವರ್ಷದ ಕಥೆ ಹೇಳಿದರೆ ಸಾಕು. ಉಳಿದ ವರ್ಷಗಳಿಗೆ ಬೇಕಾದದ್ದನ್ನೆಲ್ಲ ಆ ಒಂದು ವರ್ಷದಲ್ಲೇ ಕಲಿತೆ.

ಮೊದಲು ನನ್ನ ತಪ್ಪು ಹೇಳುತ್ತೇನೆ, ಏಕೆಂದರೆ ಕೆಲಸ ಶುರುವಾದದ್ದೇ ಅದರಿಂದ.

ನಮ್ಮದು ಬಾದಾಮಿ ಕಡೆಯ ಹಳ್ಳಿ. ನಮ್ಮವರ ಹೆಸರು ಮಲ್ಲಪ್ಪ. ನೆಗ್ಗಿದ ತಗಡನ್ನು ಬಡಿದು ಸಪಾಟು ಮಾಡುವ ಟಿಂಕರ್ ಕೆಲಸ ಅವರದು. ದುಡಿಯಲು ಗೋವೆಗೆ ಬಂದ ಮೇಲೆ ಝುವಾರಿನಗರದಲ್ಲಿ ನಮ್ಮದೊಂದು ಖೋಲಿ. ವಾಸ್ಕೋ ರಸ್ತೆಯಲ್ಲಿ ಜುಜೆ ಮೆಸ್ತರ ಗ್ಯಾರೇಜು. ಮೆಸ್ತ ಎಂದರೆ ಇಲ್ಲಿ ಕೈಕಸುಬಿನ ಗುರು. ಜುಜೆ ಮೆಸ್ತರು ಕ್ರಿಶ್ಚಿಯನ್ನರು. ಆದರೆ ಅವರಲ್ಲಿದ್ದ ಕೆಲಸಗಾರರು ಬಹುಪಾಲು ನಮ್ಮ ಕಡೆಯವರಾದ್ದರಿಂದ, ಮಹಾನವಮಿಯಲ್ಲಿ ನಾವು ಹತಾರಗಳಿಗೆ ಮಾಡುವ ಖಂಡೆಪೂಜೆಗೆ ಅವರು ಎಂದೂ ಅಡ್ಡಿ ಮಾಡಲಿಲ್ಲ. ತಾವೂ ಒಂದು ಮೇಣದಬತ್ತಿ ತಂದು ನಮ್ಮ ದೀಪದ ಪಕ್ಕ ಹಚ್ಚುತ್ತಿದ್ದರು.

ಪೂಜೆಯ ಹಿಂದಿನ ದಿನ ಗ್ಯಾರೇಜು ಗುಡಿಸಿ ತೊಳೆಯುವುದು ನಾನು ಹೊತ್ತುಕೊಂಡ ಸೇವೆ. ಆ ವರ್ಷವೂ ಹೋಗಿದ್ದೆ. ಮೆಸ್ತರು ಊಟಕ್ಕೆ ಹೋಗಿದ್ದರು, ನಮ್ಮವರು ಬಣ್ಣ ತರಲು ಹೋಗಿದ್ದರು. ಆಗ ಗುಜರಿಯವನ ಲಾರಿ ಬಂತು. ಕತ್ತರಿಸಿದ ತಗಡಿನ ಚೂರುಗಳನ್ನು ತುಂಬಿಕೊಂಡ ಮೇಲೆ ಅವನು, ಗೋಡೆಗೆ ಆನಿಸಿಟ್ಟಿದ್ದ ತುಕ್ಕಿನ ದೊಡ್ಡ ತಗಡೊಂದನ್ನು ತೋರಿಸಿದ. "ಇದೂ ಒಯ್ಯಲೇನು ಅವ್ವಾ?"

ಅದರ ತುಂಬ ತೂತು. ನಡುವೆ ಕಣ್ಣಿನಂಥ ದೊಡ್ಡ ಗುಂಡಿ. ನಮ್ಮಲ್ಲಿ ಮಹಾನವಮಿಗೆ ಮುರಿದದ್ದು, ತುಕ್ಕು ಹಿಡಿದದ್ದು ಹೊಸ್ತಿಲೊಳಗೆ ಇರಬಾರದು.

"ಒಯ್ಯಪಾ, ನಾಳಿ ಪೂಜಿ ಐತಿ. ಈ ಹಾಳಮೂಳ ಯಾಕ ಬೇಕು," ಎಂದೆ. ಒಂದು ಕೈ ಹಿಡಿದು ಲಾರಿಗೆ ಏರಿಸಿಯೂ ಕೊಟ್ಟೆ.

ಅದು ಗ್ಯಾರೇಜಿನಲ್ಲಿ ನಿಂತಿದ್ದ ಕರಿಯ ಕಾರಿನ ಎಡಗಡೆಯ ಮುಂದಿನ ಮಡ್‌ಗಾರ್ಡು. ಆ ಕಣ್ಣು, ದೀಪ ಕೂಡುವ ಜಾಗ. ಪೋರ್ತುಗೀಸರ ಕಾಲದಲ್ಲಿ ಹಡಗಿನಲ್ಲಿ ಬಂದ ಕಾರು ಅದು, ದುಂಡು ಭುಜದ್ದು. ಗ್ಯಾರೇಜಿನವರೆಲ್ಲ ಅದಕ್ಕೆ ಕರಿಯವ್ವ ಎನ್ನುತ್ತಿದ್ದರು. ಅದರ ಒಡತಿ ಚಾಂದೋರಿನ ಫಿಲೊಮೆನಾ ಬಾಯಿ. ಅವರ ಯಜಮಾನರು ತೀರಿಕೊಂಡ ದಿನದಿಂದ ಕಾರು ಕೊಟ್ಟಿಗೆಯಲ್ಲೇ ನಿಂತಿತ್ತು. ಬಾಯಿಯ ಕಣ್ಣು ಮಂಜಾಗುತ್ತ ಬಂದಿದ್ದವು. ಪೂರ್ತಿ ಹೋಗುವ ಮೊದಲು ಅದೇ ಕಾರಿನಲ್ಲಿ ಕೂತು ಕ್ರಿಸ್‌ಮಸ್ ಪೂಜೆಗೆ ಇಗರ್ಜಿಗೆ ಹೋಗಬೇಕೆಂದು ಅವರ ಆಸೆ. "ಅಂಥದೇ ಕಾರು ಬೇಡ, ಅದೇ ಕಾರು ಬೇಕು," ಎಂದು ಮೆಸ್ತರಿಗೆ ಹೇಳಿದ್ದರು.

ಮರುದಿನ ಪೂಜೆಗೆ ನಾನು ಕಾಯಿ ಹಿಡಿದು ನಿಂತಿದ್ದಾಗ ಮೆಸ್ತರು ಗೋಡೆ ನೋಡಿದರು. "ಎಡಗಡೆ ಮಡಗಾರ್ಡ್ ಎಲ್ಲಿ?"

ನಮ್ಮವರು ನನ್ನ ಮುಖ ನೋಡಿದರು. ಅವರಿಗೆ ಅಷ್ಟೇ ಸಾಕಾಯಿತು. "ನಾನ ಗುಜರಿಯವಗ ಕೊಟ್ಟೆ ಮೆಸ್ತ. ಹಾಳ ತಗಡ ಅಂತ ತಿಳಕೊಂಡೆ," ಎಂದರು.

ನಾನು ಬಾಯಿ ತೆರೆಯಲಿಲ್ಲ. ಈ ಬರಹದಲ್ಲಿ ಬರೆಯಲು ಕಷ್ಟವಾದ ಸಾಲು ಇದೊಂದೇ.

ಅವತ್ತೇ ಗುಜರಿಯ ಅಂಗಳಕ್ಕೆ ಓಡಿದೆವು. ಅಲ್ಲಿದ್ದದ್ದನ್ನೆಲ್ಲ ಒತ್ತಿ ಗಟ್ಟಿ ಮಾಡಿ ಬೆಳಿಗ್ಗೆಯೇ ಸಾಗಿಸಿದ್ದರು. ಸುದ್ದಿ ಕೇಳಿದ ಫಿಲೊಮೆನಾ ಬಾಯಿ, ತಗಡು ಕಳೆದ ಆ ಮನುಷ್ಯ ತಮ್ಮ ಗಾಡಿ ಮುಟ್ಟಬಾರದು ಎಂದು ಹೇಳಿ ಕಳಿಸಿದರು. ಹೊಸ ತಗಡಿನಲ್ಲಿ ಹೊಡೆದು ಮಾಡಿದ್ದೂ ಬೇಡವೆಂದರು.

ಮೆಸ್ತರು ನಮ್ಮವರ ಸುತ್ತಿಗೆ ತೆಗೆದುಕೊಂಡು ಗೋಡೆಯ ಮೊಳೆಗೆ ತೂಗುಹಾಕಿದರು. "ಮಲ್ಲಪ್ಪಾ, ಬರೂ ಖಂಡೆಪೂಜಿ ತನಕ ಗಾಡಿ ಇಟ್ಕೋತೇನಿ. ಅಷ್ಟರಾಗ ಅದರ ಅಸಲಿ ಜೋಡಿ ತಗಡ ತಂದ್ರ ಈ ಸುತ್ತಿಗಿ ನಿಂದು. ಇಲ್ಲಾಂದ್ರ ಬ್ಯಾರೆ ಟಿಂಕರ್ ನೋಡ್ಕೋತೇನಿ."

ನಮ್ಮವರು ಬಂದರಿನಲ್ಲಿ ಚೀಲ ಇಳಿಸುವ ಕೆಲಸಕ್ಕೆ ಹೋದರು. ಟಿಂಕರನ ಕಣ್ಣು ಇರುವುದು ಬೆರಳ ತುದಿಯಲ್ಲಿ. ಕಣ್ಣಿಗೆ ಕಾಣದ ಉಬ್ಬುತಗ್ಗು ಬೆರಳಿಗೆ ತಿಳಿಯಬೇಕು. ಎರಡು ತಿಂಗಳ ಮೇಲೆ ಒಂದು ಸಂಜೆ ಅವರು ನನ್ನ ತಾಟಿನ ಅಂಚಿನ ಮೇಲೆ ಬೆರಳು ಆಡಿಸಿ, "ಏನೂ ತಿಳಿವಲ್ದು ನೀಲವ್ವಾ. ಬೆರಳು ಸಾಯಾಕತ್ತಾವ," ಎಂದರು. ಸಿಟ್ಟಿನಿಂದಲ್ಲ, ಮಳೆ ಬರಾಕತ್ತೈತಿ ಅನ್ನುವ ಹಾಗೆ ಹೇಳಿದರು.

ಅವತ್ತು ದೇವರ ಮುಂದೆ ದೀಪ ಹಚ್ಚಿ ಬನಶಂಕರಿ ತಾಯಿಗೆ ಹೇಳಿದೆ: ಕೊಟ್ಟ ಕೈ ನನ್ನದು, ತರುವ ಕೈಯೂ ನನ್ನದೇ.

ನೆರೆಮನೆಯ ಕಾಶವ್ವ ಬುಟ್ಟಿಯಲ್ಲಿ ಸ್ಟೀಲ್ ಪಾತ್ರೆ ಹೊತ್ತು ಊರೂರು ತಿರುಗಿ, ಹಳೆ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವವಳು. ಅವಳ ಜೊತೆ ಹೊರಟೆ. ಮೊದಲ ದಿನವೇ ತಿಳಿಯಿತು, ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕಾರು ಹುಡುಕುವ ಗಂಡಸರು ಮುಂಬಾಗಿಲಿಗೆ ಹೋಗಿ ಯಜಮಾನನನ್ನು ಕೇಳುತ್ತಾರೆ. ಅವನು ಇಲ್ಲ ಎನ್ನುತ್ತಾನೆ. ಅವನಿಗೂ ಗೊತ್ತಿರುವುದಿಲ್ಲ. ಪಾತ್ರೆಯವಳನ್ನು ಹಿತ್ತಿಲಿಗೇ ಕರೆಯುತ್ತಾರೆ. ಗೋವೆಯಲ್ಲಿ ಹಳೆಯ ಕಾರಿನ ತಗಡನ್ನು ಯಾರೂ ಎಸೆಯುತ್ತಿರಲಿಲ್ಲ. ಮಳೆ ಜೋರು, ತಗಡು ಗಟ್ಟಿ. ಬಾನೆಟ್ಟು ಕಟ್ಟಿಗೆಯ ರಾಶಿಯ ಮೇಲೆ ಇರುತ್ತಿತ್ತು, ಡಿಕ್ಕಿಯ ಮುಚ್ಚಳ ಬಾವಿಯ ಮೇಲೆ. ಗಾಲಿಯ ನಡುವಿನ ಹೊಳೆಯುವ ತಟ್ಟೆಯಲ್ಲಿ ಕೋಳಿಗಳು ನೀರು ಕುಡಿಯುತ್ತಿದ್ದವು. ಒಂದು ಮನೆಯಲ್ಲಿ ಬಂಪರಿನ ಮೇಲೆ ಬಟ್ಟೆ ಒಗೆಯುತ್ತಿದ್ದರು.

ಇನ್ನು ಅಳತೆ. ಬಲಗಡೆಯ ಮಡ್‌ಗಾರ್ಡು ಗ್ಯಾರೇಜಿನಲ್ಲೇ ಇತ್ತು. ಕನ್ನಡಿಯಲ್ಲಿ ಅದನ್ನು ನೋಡಿದರೆ ಹೇಗೋ ಹಾಗಿರಬೇಕು ಎಡಗಡೆಯದು. ಅಂಥ ದುಂಡನ್ನು ಅಳತೆಪಟ್ಟಿಯಲ್ಲಿ ಹಿಡಿಯಲು ಬರುವುದಿಲ್ಲ. ನಾನು ಕೌದಿ ಹೊಲಿಯುವವಳು. ಮೆಸ್ತರನ್ನು ಕೇಳಿಕೊಂಡು, ಹಳೆಯ ಇಳಕಲ್ ಸೀರೆಯ ತುಂಡುಗಳನ್ನು ಬಲಗಡೆಯದರ ಮೇಲೆ ಹಾಸಿ, ಉಬ್ಬಿದಲ್ಲಿ ನಿರಿಗೆ ಹಿಡಿದು, ತಗ್ಗಿದಲ್ಲಿ ಕತ್ತರಿಸಿ, ಅದಕ್ಕೊಂದು ಅಂಗಿಯನ್ನೇ ಹೊಲಿದೆ. ಬೋಲ್ಟಿನ ತೂತು ಬರುವಲ್ಲಿ ಒಂದೊಂದು ಮಣಿ. ದೀಪದ ಗುಂಡಿಯ ಸುತ್ತ ಕೆಂಪು ದಾರ. ಹಾಗೇ ಹಾಕಿದರೆ ಬಲಗಡೆಯದಕ್ಕೆ ಕೂಡುತ್ತದೆ, ಒಳಮೈ ಹೊರಗೆ ಮಾಡಿ ಹಾಕಿದರೆ ಎಡಗಡೆಯದಕ್ಕೆ.

ಮೆಸ್ತರು ಅಂಗಿಯನ್ನು ಎತ್ತಿ ಹಿಡಿದು ನೋಡಿದರು. "ಗಾಡಿಗಿ ಕುಬಸ ಹೊಲದಾಳ!" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದರು. ಆದರೆ ಅವತ್ತೇ ನನಗೊಂದು ಸಣ್ಣ ಅಯಸ್ಕಾಂತ ಕೊಟ್ಟು, ಅಸಲಿ ತಗಡು ಗುರುತಿಸುವುದನ್ನು ಕಲಿಸಿದರು. ಬೆರಳಿನ ಗೆಣ್ಣಿನಿಂದ ತಟ್ಟು. ಅಸಲಿ ತಗಡು ತಾಟಿನ ಹಾಗೆ ದನಿ ಕೊಡುತ್ತದೆ, ತೂತು ಮುಚ್ಚಲು ಲಪ್ಪ ಎಂಬ ಪುಟ್ಟಿ ಮೆತ್ತಿದ್ದು ಹಿಟ್ಟಿನ ಚೀಲದ ಹಾಗೆ. ಅಯಸ್ಕಾಂತ ಹಿಡಿ; ಲಪ್ಪ ಇದ್ದಲ್ಲಿ ಜಾರಿ ಬೀಳುತ್ತದೆ. ಅಂಚು ಮುಟ್ಟು, ಅಸಲಿಯ ಅಂಚಿನೊಳಗೆ ತಂತಿ ಇಟ್ಟು ಮಡಚಿರುತ್ತಾರೆ. ಅಯಸ್ಕಾಂತ ಅವತ್ತಿನಿಂದ ನನ್ನ ಸೆರಗಿನ ಗಂಟಿನಲ್ಲೇ ಇರುತ್ತಿತ್ತು. ಫೋನು ಕೈಯಲ್ಲಿದ್ದರೂ, ಹುಡುಗಿಯರೇ, ನೀವು ಈ ಮೂರನ್ನು ಬಿಡಬೇಡಿರಿ. ಚಿತ್ರದಲ್ಲಿ ತಗಡು ದನಿ ಕೊಡುವುದಿಲ್ಲ.

ಬೇಸಗೆ ಮುಗಿಯುತ್ತ ಬಂದಾಗ ಕೆಪೆ ಎಂಬ ಊರಿನ ಒಂದು ಹಿತ್ತಿಲಿನಲ್ಲಿ ಕೋಳಿಗೂಡಿನ ಮೇಲೆ ಆ ದುಂಡು ಭುಜ ಕಂಡಿತು. ಅಂಗಿ ತೆಗೆದು ಹಾಕಿದೆ. ಕೂಡಿತು! ಒಂದೊಂದು ಮಣಿಯೂ ಒಂದೊಂದು ತೂತಿಗೆ ಬಂತು.

ಮನೆಯವಳು ಕೊಡಲು ಒಪ್ಪಲಿಲ್ಲ. ಗೂಡಿನ ಚಾವಣಿ ಬದಲಾದರೆ ಕೋಳಿಗಳು ತತ್ತಿ ಇಡುವುದಿಲ್ಲವಂತೆ. ಕಾಶವ್ವ ನನ್ನ ಕಿವಿಯಲ್ಲಿ, "ಮುಂಜಾನೆದ್ದು ಕೋಳಿ ಮ್ಯಾಲ ನೋಡಿ ಇದು ಯಾವ ಗಾಡಿದು ಅಂತಾವೇನು?" ಎಂದು ಪಿಸುಗುಟ್ಟಿದಳು. ನಾನು ವಾದಿಸಲಿಲ್ಲ. ಬಂದರಿಗೆ ರಜೆಯಿದ್ದ ದಿನ ನಮ್ಮವರನ್ನು ಕರೆತಂದೆ. ಅವರು ಹೊಸ ತಗಡನ್ನು ಅದೇ ದುಂಡಿಗೆ ಬಗ್ಗಿಸಿ ಗೂಡಿಗೆ ಕೂಡಿಸಿದರು. ಎರಡು ದಿನ ಕಾದೆವು. ಕೋಳಿಗಳು ತತ್ತಿ ಇಟ್ಟವು. ಆಮೇಲೆ ಅವಳು ಕೊಟ್ಟಳು. ತೆಗೆದಲ್ಲಿ ಇಟ್ಟು ಬರುವ ನನ್ನ ಪದ್ಧತಿ ಅಲ್ಲಿಂದ ಶುರು.

ಬಸ್ಸಿನ ಮೇಲೆ ಏರಿಸುವಾಗ ನಮ್ಮ ಕಡೆಯ ಕಂಡಕ್ಟರ್ ಕೇಳಿದ, "ಏನವ್ವಾ, ಉಳಿದ ಗಾಡಿ ಹಿಂದ ಬರಾಕತ್ತೈತೇನು?"

"ಬರತೈತಿ. ನೀ ಜಾಗಾ ಹಿಡಿ," ಎಂದೆ. ಅಷ್ಟು ಹಿಗ್ಗಿನಲ್ಲಿದ್ದೆ.

ಗ್ಯಾರೇಜಿನಲ್ಲಿ ಮೆಸ್ತರು ಅದನ್ನು ಸುತ್ತ ನೋಡಿದರು. ಎತ್ತಿಕೊಂಡು ಹೋಗಿ ಕಾರಿನ ಬಲಗಡೆ, ಇದ್ದ ಮಡ್‌ಗಾರ್ಡಿನ ಪಕ್ಕ ಹಿಡಿದರು. ಎರಡೂ ಒಂದೇ.

"ನೀಲವ್ವಾ, ಕರಿಯವ್ವಗ ಬಲಗೈ ಎಷ್ಟು?"

"ಒಂದ್ರಿ."

"ಮತ್ತ ಇದನ್ಯಾಕ ತಂದಿ?"

ಕೋಳಿಗೂಡಿನ ಮುಂದೆ ಹಿಗ್ಗಿನಲ್ಲಿ ನಾನು ಅಂಗಿಯನ್ನು ಒಳಮೈ ಹೊರಗೆ ಮಾಡುವುದನ್ನೇ ಮರೆತಿದ್ದೆ. ಸೋಲು ಒಪ್ಪಲು ಮನಸ್ಸಾಗದೆ, "ಗಾಡಿ ಎದುರಿಗೆ ನಿಂತು ನೋಡ್ರಿ, ಅದು ನನ್ನ ಎಡಗೈ ಕಡೆಗೇ ಬರತೈತಲ್ರಿ," ಎಂದೆ.

"ನಿಮ್ಮ ದೇವರು ಹೂ ಕೊಟ್ರ ಯಾರ ಬಲ ಲೆಕ್ಕ? ನಿಂತು ನೋಡೂವರದೋ, ದೇವರದೋ?"

"ದೇವರದ್ರಿ."

"ಗಾಡಿದೂ ಹಂಗ. ಅದರ ಒಳಗ ಕುಂತು ನೋಡು. ಮುಂದ ನಿಂತು ಎಡಾ ಬಲಾ ಹೇಳಬ್ಯಾಡ."

ಆ ಮಾತು ಮುಂದಿನ ಹದಿನೈದು ವರ್ಷ ನನ್ನನ್ನು ಕಾಯಿತು. ಅವತ್ತು ಮಾತ್ರ ಮನೆಗೆ ಹೋಗಿ ಅತ್ತೆ. ಬಲಗಡೆಯ ಆ ಹೆಚ್ಚಿನ ಮಡ್‌ಗಾರ್ಡನ್ನು ಮೆಸ್ತರು ಹಿಂದಿನ ಶೆಡ್ಡಿನಲ್ಲಿ ಎಸೆದರು.

ಮಳೆಗಾಲ ಬಂತು. ಹಿತ್ತಿಲುಗಳಲ್ಲಿ ಮೊಣಕಾಲುದ್ದ ಕೆಸರು. ಒಂದು ದಿನವೂ ಬಿಡದೆ ತಿರುಗಿದೆ. ಕಾಲು ಜಾರಿ ಬಿದ್ದ ದಿನ ಪಾತ್ರೆ ನೆಗ್ಗಲಿಲ್ಲ. ಜ್ವರ ಬಂದದ್ದು ಭಾನುವಾರ. ನಾಯಿ ಹಿಡಿದದ್ದು ಸೆರಗನ್ನು, ಕಾಲನ್ನಲ್ಲ. ಸಂಜೆ ದೀಪ ಹಚ್ಚುವಾಗ ಇಂಥವನ್ನೇ ಎಣಿಸಿ ತಾಯಿಗೆ ಕೈ ಮುಗಿಯುತ್ತಿದ್ದೆ. ಇಲ್ಲದ್ದನ್ನು ಎಣಿಸಲು ಕೂತಿದ್ದರೆ ಮರುದಿನ ಬುಟ್ಟಿ ಎತ್ತಲು ಆಗುತ್ತಿರಲಿಲ್ಲ.

ಶ್ರಾವಣದಲ್ಲಿ ತಂಗಿಯ ಮಗುವಿನ ತೊಟ್ಟಿಲಿಗೆಂದು ಊರ ಬಸ್ಸು ಹತ್ತಿದೆ. ಗಡಿಗೆ ಮೊದಲು ಮೊಲೆಂ ತಪಾಸಣೆ ನಾಕೆಯಲ್ಲಿ ಬಸ್ಸು ನಿಂತಿತು. ಕಿಟಕಿಯಿಂದ ನೋಡಿದೆ. ರಸ್ತೆಯ ಬದಿ, ಮತ್ತಿಮರದ ಬುಡದಲ್ಲಿ, ಸಿಂಧೂರ ಬಳಿದ ಸೊಂಟದೆತ್ತರದ ಕಲ್ಲು. ಲಾರಿಯವರು ಕಟ್ಟಿದ ಗಂಟೆಗಳು. ಕಲ್ಲಿನ ಮೇಲೆ, ಎರಡು ಕಂಬಗಳ ಮೇಲೆ, ಮಳೆ ತಾಗದಂತೆ ಒಂದು ದುಂಡು ಭುಜದ ಚಾವಣಿ. ಅದರ ಕಣ್ಣಿನ ಗುಂಡಿಯಲ್ಲಿ ಎಣ್ಣೆಯ ದೀಪ ತೂಗುತ್ತಿತ್ತು.

ಈ ಸಲ ಬಸ್ಸಿನೊಳಗೇ ಕೂತು, ಕರಿಯವ್ವನೊಳಗೆ ಕೂತಂತೆ ಎಣಿಸಿ ಎಡಬಲ ನೋಡಿದೆ. ಎಡಗಡೆಯದು. ಇಳಿದು ಓಡಿದೆ. ಬಸ್ಸು ನನ್ನ ಗಂಟು ಹೊತ್ತುಕೊಂಡು ಊರಿಗೆ ಹೋಯಿತು. ಮರುದಿನ ಮರಳುವಾಗ ಆ ಬಸ್ಸಿನ ಕಂಡಕ್ಟರ್ ಗಂಟನ್ನು ತಂದು ಅಲ್ಲೇ ಕೊಟ್ಟು ಹೋದ. ಅದನ್ನೂ ಅವತ್ತಿನ ಲೆಕ್ಕಕ್ಕೆ ಹಿಡಿದೆ.

ಗುಡಿ ನೋಡಿಕೊಳ್ಳುವವಳು ಪಕ್ಕದ ಚಹಾ ಅಂಗಡಿಯ ತುಳಸಿ ಮೌಶಿ. ವಯಸ್ಸಾದವಳು, ಗಡಿಯವರ ಹಾಗೆ ಕನ್ನಡ, ಕೊಂಕಣಿ ಎರಡೂ ಬರುತ್ತಿತ್ತು. ನಾನು ಹೆಗಲ ಚೀಲದಿಂದ ಅಂಗಿ ತೆಗೆದು, "ಮೌಶಿ, ದೇವರ ಮ್ಯಾಲ ಇದನ್ನೊಂದ ಸಲ ಹಾಕಿ ತಗೀಲೇನ್ರಿ?" ಎಂದೆ.

"ಹಾಕಿದ್ದ ಸೀರಿ ತಗೀತಾರೇನ? ಹರಕಿ ಹೊತ್ತಿದ್ರ ಅಲ್ಲೇ ಬಿಡು."

ಸೀರೆಯಲ್ಲ, ತಗಡಿನ ಅಂಗಿ ಎಂದು ತಿಳಿಸಿ ಹೇಳುವಷ್ಟರಲ್ಲಿ ಇಬ್ಬರು ಲಾರಿಯವರು ಚಹಾ ಕುಡಿದು ಎದ್ದರು. ಒಳಮೈ ಹೊರಗೆ ಮಾಡಿ ಹಾಕಿದೆ. ಎಲ್ಲ ಮಣಿಗಳೂ ಕೂಡಿದವು. ಹಿಂದೆ ಯಾವನೋ ಘಟ್ಟದಲ್ಲಿ ಕಾರು ಉರುಳಿ ಬದುಕುಳಿದವನು, ಆ ಕಾರಿನ ಈ ಒಂದು ತಗಡನ್ನು ದೇವರಿಗೆ ಹೊದಿಸಿ ಹೋಗಿದ್ದನಂತೆ.

"ಯಾಕ ಬೇಕು ನಿಂಗ ಇದು?" ಮೌಶಿ ಕೇಳಿದಳು.

"ನಮ್ಮವರು ಒಂದು ತಗಡ ತಪ್ಪಿ ಗುಜರಿಗೆ ಕೊಟ್ಟಾರ್ರಿ. ಅದಕ್ಕ ಅವರ ಕೆಲಸ ಹೋಗೇತಿ."

"ಅದು ನಂದಲ್ಲ. ಅವನ್ನ ಕೇಳು."

ಮೌಶಿ ಎರಡು ಹೂವಿನ ಎಸಳು ನೀರಿನಲ್ಲಿ ಅದ್ದಿ ಕಲ್ಲಿನ ಎರಡು ಭುಜಗಳಿಗೆ ಹಚ್ಚಿದಳು. ಬಲದ್ದು ಮೊದಲು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ. ನಾನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಡದ್ದು ಬಿತ್ತು.

"ಬ್ಯಾಡ ಅಂತಾನ," ಎಂದಳು ಮೌಶಿ. ಒಂದು ಕಪ್ಪು ಚಹಾ ಕೊಟ್ಟಳು.

ಗುಡಿಯಿಂದ ಕದಿಯುವುದು ಬಿಡಿ, ಇನ್ನೊಮ್ಮೆ ಕೇಳಿ ನೋಡಲೂ ಮನಸ್ಸು ಬರಲಿಲ್ಲ. ಏಕೆ ಬೇಡವೆಂದನೋ ನನಗೆ ಗೊತ್ತಿತ್ತು. ದೇವರ ಎದುರು ನಿಂತು, ನನ್ನ ಕೈ ಮಾಡಿದ್ದನ್ನು ಗಂಡನ ಹೆಸರಿಗೆ ಹಚ್ಚಿ ಹೇಳಿದ್ದೆ.

ಆ ರಾತ್ರಿ ಮೌಶಿಯ ಅಂಗಡಿಯಲ್ಲೇ ಮಲಗಿ, ಮರುದಿನ ಊರಿಗೆ ಹೋಗದೆ ಮನೆಗೆ ಮರಳಿ ಎಲ್ಲ ಹೇಳಿದೆ. ನಮ್ಮವರು ತಲೆ ಅಲ್ಲಾಡಿಸಿದರು. "ಮೆಸ್ತಗ ಹೇಳಬ್ಯಾಡ. ಮಂದಿ ಮುಂದ ನಿನ್ನ ಒದರತಾರ."

"ಒದರಲಿ. ಒದರಿದ್ರ ನನ್ನ ಕಿವಿ ಹೋಗತೈತಿ. ಇಲ್ಲಿ ನಿಮ್ಮ ಬೆರಳು ಹೋಗಾಕತ್ತಾವ."

ಮರುದಿನ ಗ್ಯಾರೇಜಿನಲ್ಲಿ, ಎಲ್ಲ ಕೆಲಸಗಾರರ ಎದುರೇ ಹೇಳಿದೆ. "ಮೆಸ್ತ್ರಿ, ಲಾರಿಗಿ ಕೊಟ್ಟಾಕಿ ನಾನು. ನಮ್ಮವರು ಅವಾಗ ಇಲ್ಲಿ ಇರಲೇ ಇಲ್ಲ."

ಮೆಸ್ತರ ಕೈಯಲ್ಲಿ ತಗಡು ಉಜ್ಜುತ್ತಿದ್ದ ಕಾನಸು ನಿಂತಿತು. "ಮತ್ತ ಅವ ಯಾಕ ತನ್ನ ಹೆಸರು ಹೇಳ್ದ?"

"ನೀವು ನನಗ ಬೈಬಾರದಂತ್ರಿ."

"ಅಂವ ಸುಳ್ಳ ಹೇಳ್ದ. ನೀ ಸುಮ್ಮ ನಿಂತಿ. ಇಬ್ರೂ ಸೇರಿ ನನ್ನ ಮಂಗ್ಯಾ ಮಾಡಿದ್ರಿ! ನನ್ನ ಕೈಯಾಗಿನ ಚಲೋ ಟಿಂಕರ್ ಹನ್ನೊಂದ ತಿಂಗಳ ಚೀಲ ಹೊತ್ತ!" ಇನ್ನೂ ಬಹಳ ಒದರಿದರು. ಬರೆಯುವಂಥ ಮಾತುಗಳಲ್ಲ. ನಾನು ನಿಂತು ಪೂರ್ತಿ ಕೇಳಿದೆ, ಏಕೆಂದರೆ ಅದು ಹನ್ನೊಂದು ತಿಂಗಳ ಹಿಂದೆಯೇ ನನಗೆ ಬರಬೇಕಾಗಿದ್ದ ಪಾಲು. ಆಮೇಲೆ ಮೊಲೆಂನ ಸಂಗತಿಯನ್ನೂ ಹೇಳಿದೆ.

"ದೇವರಿಗಿ ಬದಲಿ ಏನ ಒಯ್ದಿದ್ದಿ?" ಎಂದರು ಮೆಸ್ತರು.

"ಏನೂ ಇಲ್ರಿ."

"ಅರೆ ದೇವಾ! ಕೋಳಿಗೂ ಚಾವಣಿ ಮಾಡಿ ಕೊಟ್ಟಾಕಿ ದೇವರ ಹತ್ರ ಬರಿಗೈಲೆ ಹೋದಿ!"

ಸುಳ್ಳಿಗೆ ಹೂ ಬೀಳಲಿಲ್ಲವೆಂದು ನಾನು, ಬರಿಗೈಗೆ ಬೀಳಲಿಲ್ಲವೆಂದು ಮೆಸ್ತರು. ಯಾವುದು ನಿಜವೋ ಇವತ್ತಿಗೂ ಗೊತ್ತಿಲ್ಲ. ಎರಡನ್ನೂ ಸರಿಮಾಡಿಕೊಂಡೇ ಹೋಗುವುದೆಂದು ನಿಶ್ಚಯಿಸಿದೆ.

ಮೆಸ್ತರು ಶೆಡ್ಡಿನಲ್ಲಿ ಬಿದ್ದಿದ್ದ ಬಲಗಡೆಯ ಮಡ್‌ಗಾರ್ಡು ತರಿಸಿ, ಮೊಳೆಯಿಂದ ಸುತ್ತಿಗೆ ಇಳಿಸಿದರು. "ಇದು ದೇವರ ಕೆಲಸಕ್ಕ ಅಷ್ಟ. ಮುಗದ ಮ್ಯಾಲ ಮತ್ತ ತೂಗಹಾಕತೇನಿ. ಗಾಡಿ ಬಾಯಿದು. ಆಕಿ ಹೂಂ ಅನ್ನೂತನಕ ಇದು ಗಾಡಿ ಮ್ಯಾಲ ಆಡಂಗಿಲ್ಲ."

ನಮ್ಮವರು ಬಂದರಿನಿಂದ ಬಂದು, ಬೆಳಕಿರುವ ತನಕ ಗ್ಯಾರೇಜಿನ ಅಂಗಳದಲ್ಲಿ ಕೂತು ಬಡಿದರು. ಮೊದಲ ದಿನ ಬೆರಳಿಗೆ ಏನೂ ತಿಳಿಯಲಿಲ್ಲ. ಬಿಸಿನೀರಿನಲ್ಲಿ ಕೈ ಇಡಿಸಿ, ಕೊಬ್ಬರಿ ಎಣ್ಣೆ ತಿಕ್ಕಿದೆ. ಮಡ್‌ಗಾರ್ಡಿನ ಅಂಗಿ ಹೊಲಿದು ಉಳಿದಿದ್ದ ಸೀರೆಯ ತುಂಡನ್ನು ತಗಡಿನ ಮೇಲೆ ಹಾಸಿ, ಅದರ ಮೇಲೆ ಕೈ ಆಡಿಸಿದರು. ಬಟ್ಟೆ ನಡುವೆ ಇದ್ದರೆ ಕೈ ಸಲೀಸಾಗಿ ಜಾರುತ್ತದೆ, ಉಬ್ಬುತಗ್ಗು ಹೆಚ್ಚು ತಿಳಿಯುತ್ತದೆ. ನಾಲ್ಕನೆಯ ದಿನ ಒಂದು ಕಡೆ ಕೈ ನಿಲ್ಲಿಸಿ, "ಇಲ್ಲೊಂದು ತಗ್ಗು ಐತಿ," ಎಂದರು. ನನಗೆ ಕಾಣಲಿಲ್ಲ. ಮೆಸ್ತರು ಬಂದು ಮುಟ್ಟಿ ನೋಡಿ, ಹೌದೆಂದು ತಲೆ ಹಾಕಿ ಹೋದರು. ನಮ್ಮವರು ಆ ತಗ್ಗು ಎತ್ತಿದರು, ತೂತುಗಳನ್ನು ಬೆಸೆದರು, ಕರಿಯ ಬಣ್ಣ ಹೊಡೆದರು. ಅಷ್ಟು ಚಂದದ ಕೆಲಸವನ್ನು ಅವರು ಹಿಂದೆಯೂ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ.

ಮಹಾನವಮಿಗೆ ಎರಡು ವಾರ ಇರುವಾಗ ಇಬ್ಬರೂ ಅದನ್ನು ಹೊತ್ತು ಮೊಲೆಂಗೆ ಹೋದೆವು. ಕಲ್ಲಿನ ಎದುರು ನಿಂತು, ಮೌಶಿಗೂ ಕೇಳುವಂತೆ ಹೇಳಿದೆ: "ಹ್ವಾದ ಸಲ ಸುಳ್ಳ ಹೇಳೇನಿ ತಂದೆ. ಕೊಟ್ಟಾಕಿ ನಾನು."

ಮೌಶಿ ಎಸಳು ಹಚ್ಚಿದಳು. ಎರಡೂ ಅಂಟಿ ಕೂತವು. ಅದಿರಿನ ಲಾರಿಗಳು ನೆಲ ನಡುಗಿಸುತ್ತ ಹೋದವು; ಎಸಳು ಅಲುಗಲಿಲ್ಲ. ಮೌಶಿ ಚಹಾಕ್ಕೆ ನೀರಿಟ್ಟಳು. ಚಹಾ ಕುಡಿದಾಯಿತು. ನಮ್ಮವರು, "ಒಣಗಿದ ಮ್ಯಾಲ ಎರಡೂ ಬೀಳತಾವ ಬಿಡು," ಎಂದರು. ನಾನು ಅವರನ್ನು ಗದರಿಸಲು ತಿರುಗಿದಾಗ ಮೌಶಿ ಕೂಗಿದಳು. ಬಲಗಡೆಯ ಎಸಳು ದೇವರ ಪಾದದ ಹತ್ತಿರ ಬಿದ್ದಿತ್ತು.

"ತಗೋ. ಆದ್ರ ಮದಲ ಹೊಸಾದು ಹಾಕು, ಆಮ್ಯಾಲ ಹಳೇದು ತಗಿ. ಒಂದ ಗಳಿಗಿನೂ ಅವನ ತಲಿ ಬಯಲಾಗಬಾರದು."

ಹಾಗೇ ಮಾಡಿದೆವು. ಹಳೆಯದರ ಮೇಲೆ ಹೊಸದನ್ನು ನಿಲ್ಲಿಸಿ, ಕಂಬಕ್ಕೆ ಬಿಗಿದು, ಆಮೇಲೆ ಹಳೆಯದನ್ನು ಕೆಳಗಿನಿಂದ ಜಾರಿಸಿದೆವು. ಮೌಶಿ ದೀಪವನ್ನು ಹೊಸ ಕಣ್ಣಿಗೆ ತೂಗುಹಾಕಿದಳು. ಅದು ಮೊದಲು ಇದ್ದದ್ದಕ್ಕೆ ಆಚೆ ಬದಿಗೆ ಬಂತು. "ಅವಗೇನ, ಎರಡೂ ಬದಿ ಅವನವೇ," ಎಂದಳು.

ಖಂಡೆಪೂಜೆಯ ಹಿಂದಿನ ದಿನ ಫಿಲೊಮೆನಾ ಬಾಯಿ ಗ್ಯಾರೇಜಿಗೆ ಬಂದರು. ಆ ವೇಳೆಗೆ ಒಂದು ಕಣ್ಣು ಪೂರ್ತಿ ಹೋಗಿತ್ತು. ನಾವು ತಂದ ಎಡಗಡೆಯ ಮಡ್‌ಗಾರ್ಡಿನ ಮೇಲೆ ನಿಧಾನವಾಗಿ ಕೈ ಆಡಿಸಿದರು. ದೀಪದ ಗುಂಡಿಯ ಹತ್ತಿರ ನಿಲ್ಲಿಸಿ ಬೆರಳು ಮೂಸಿದರು. ಎಷ್ಟು ತಿಕ್ಕಿದರೂ ಎಣ್ಣೆಯ ವಾಸನೆ ಹೋಗಿರಲಿಲ್ಲ. ಇದೇನೆಂದು ಕೇಳಿದರು. ನಾನು ಎಲ್ಲ ಹೇಳಿದೆ: ಲಾರಿ, ಪೂಜೆಯ ಸ್ವಚ್ಛತೆ, ನಮ್ಮವರು ಮೈಮೇಲೆ ತೆಗೆದುಕೊಂಡದ್ದು, ಘಟ್ಟದ ದೇವರು. ಮೆಸ್ತರು ಕೊಂಕಣಿಯಲ್ಲಿ ತಿಳಿಸುತ್ತ ಹೋದರು. ದೇವರ ಮಾತು ಬಂದಾಗ ಬಾಯಿ ಶಿಲುಬೆಯ ಗುರುತು ಮಾಡಿಕೊಂಡರು. ಕೊನೆಗೆ ಅವರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಮದುವೆಯಾದ ವರ್ಷ ಕ್ರಿಸ್‌ಮಸ್‌ಗೆ ಮನೆ ಸ್ವಚ್ಛ ಮಾಡುವಾಗ, ಯಜಮಾನರ ಹಳೆಯ ಟೊಪ್ಪಿಗೆಯನ್ನು ಬಾಗಿಲಿಗೆ ಬಂದ ಭಿಕ್ಷುಕನಿಗೆ ಕೊಟ್ಟಿದ್ದರಂತೆ. ಅವರು ಬಹಳ ಇಷ್ಟಪಡುತ್ತಿದ್ದ ಟೊಪ್ಪಿಗೆ. ಗಾಳಿಗೆ ಹಾರಿಹೋಯಿತು ಎಂದು ಬಾಯಿ ಹೇಳಿದ್ದನ್ನು ಯಜಮಾನರು ಸಾಯುವ ತನಕ ನಂಬಿದ್ದರಂತೆ.

ಆಮೇಲೆ ಮೆಸ್ತರ ಕಡೆ ತಿರುಗಿ ಒಂದು ಮಾತು ಹೇಳಿದರು. ಮೆಸ್ತರು ಅದನ್ನು ನಮಗೆ ಕನ್ನಡದಲ್ಲಿ ಹೇಳಲಿಲ್ಲ. ಗೋಡೆಯ ಹತ್ತಿರ ಹೋಗಿ, ಮೊಳೆಯಿಂದ ಸುತ್ತಿಗೆ ತೆಗೆದು, ನಮ್ಮವರ ಕೈಗೆ ಕೊಟ್ಟು, ಮೊಳೆಯನ್ನೇ ಕಿತ್ತು ಎಸೆದರು.

ಆ ಕ್ರಿಸ್‌ಮಸ್‌ಗೆ ಕರಿಯವ್ವ ಇಗರ್ಜಿಗೆ ಹೋಯಿತು.

ಅಲ್ಲಿಂದ ನಾನು ಮೆಸ್ತರ ಸಾಮಾನು ಹುಡುಕುವವಳಾದೆ. ಎಷ್ಟೋ ಕಾರು ಬಂದವು. ಒಂದು ಸಲ ಮುಂದಿನ ಜಾಲರಿಯನ್ನು ಹಿತ್ತಾಳೆಯ ದೇವರನ್ನು ತಿಕ್ಕುವ ಹಾಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಮೇಲಿನ ಹೊಳಪನ್ನೇ ಕಿತ್ತುಬಿಟ್ಟೆ. ಅದನ್ನು ಮೆಸ್ತರು ವರ್ಷಗಟ್ಟಲೆ ಆಡಿ ತೋರಿಸಿದರು. ತೊಂಬತ್ತರ ನಂತರ ಪಾರ್ಸೆಲ್ಲಿನಲ್ಲಿ ಹೊಸ ತಗಡು ಬರತೊಡಗಿತು. ಬಿಡಿಭಾಗಗಳ ಫೋಟೋಗಳು ಬಂದವು, ಪಟ್ಟಿಗಳು ಬಂದವು. ನನ್ನ ಬಟ್ಟೆಯ ಅಂಗಿಗಳು ಟ್ರಂಕು ಸೇರಿದವು. ಒಳ್ಳೆಯದೇ, ಕೆಸರು ತುಳಿಯುವುದು ತಪ್ಪಿತು. ಆದರೆ ಒಂದು ವಸ್ತು ತೆಗೆದಲ್ಲಿ ಇನ್ನೊಂದನ್ನು ಇಟ್ಟು ಬರುವುದನ್ನು ನಾನು ಬಿಡಲಿಲ್ಲ.

ಇನ್ನೊಂದೇ ಮಾತು ಉಳಿದಿದೆ. ನಾನು ಕೆಲಸ ಬಿಡುವ ವರ್ಷ, ಮೆಸ್ತರಿಗೆ ಕೈ ನಡುಕ ಶುರುವಾಗಿತ್ತು. ದೂರದಿಂದ ಯಾರೋ ಇಬ್ಬರು ಕರಿಯವ್ವನ ಜಾತಿಯ ಕಾರು ತಂದರು. ಎಲ್ಲ ಇತ್ತು, ಬಲಗಡೆಯ ಮುಂದಿನ ಮಡ್‌ಗಾರ್ಡು ಇರಲಿಲ್ಲ. ಎಲ್ಲಿದ್ದರೂ ತರಿಸಿ, ಏನು ಬೇಕಾದರೂ ಕೊಡುತ್ತೇವೆ ಎಂದರು. ಮೆಸ್ತರು ನನ್ನ ಕಡೆ ನೋಡಿದರು. ಎಲ್ಲಿದೆ ಎಂದು ಅವರಿಗೆ ಗೊತ್ತಿದ್ದದ್ದೇ. ಪರೀಕ್ಷೆ ಮಾಡುತ್ತಿದ್ದರೋ, ಮರೆತಿದ್ದರೋ.

"ನೀಲವ್ವಾ, ಬಲಗಡೆದು ಎಲ್ಲರ ಐತೇನು?"

ಸುಳ್ಳಿನ ರುಚಿ ನಾನು ಒಮ್ಮೆ ನೋಡಿದ್ದೆ. "ಐತ್ರಿ. ಎಲ್ಲೈತಿ ಅಂತ ಗೊತ್ತೂ ಐತಿ. ಹೇಳಂಗಿಲ್ಲ," ಎಂದೆ.

ಬಂದವರು ಮುಖ ಮುಖ ನೋಡಿಕೊಂಡರು. ಮೆಸ್ತರು ಕುರ್ಚಿ ಹಿಡಿದು ನಕ್ಕರು.

ಹೋದ ವರ್ಷ ಊರಿಗೆ ಹೋಗುವಾಗ ಬಸ್ಸು ಮೊಲೆಂನಲ್ಲಿ ನಿಂತಿತು. ತುಳಸಿ ಮೌಶಿ ಈಗಿಲ್ಲ. ಅವಳ ಸೊಸೆ ದೀಪ ಹಚ್ಚುತ್ತಾಳೆ. ಸುತ್ತಿಗೆಯ ಸದ್ದಿಗೆ ನಮ್ಮವರ ಕಿವಿ ಮಂದವಾಗಿವೆ, ಬೆರಳು ಮಾತ್ರ ಚಲೋ ಇವೆ. ಅವರು ಬಸ್ಸಿನಿಂದ ಇಳಿದು, ದೇವರಿಗೆ ಕೈ ಮುಗಿದು, ಚಾವಣಿಯ ಅಂಚಿನ ಮೇಲೆ ಬೆರಳು ಆಡಿಸಿದರು. ಕಂಡಕ್ಟರ್ ಸೀಟಿ ಊದುತ್ತಿದ್ದ. ಮೇಲೆ ಬಂದು ಕೂತು ನನ್ನ ಕಿವಿಯಲ್ಲಿ, ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದರು:

"ಇನ್ನೂ ಗಟ್ಟಿ ಐತಿ. ಅವತ್ತು ನಾ ಎತ್ತಿದ ತಗ್ಗಿನ ಜಾಗಾ ಎಲ್ಲಿತ್ತು ಅಂತ ನನಗೂ ಸಿಗಲಿಲ್ಲ."